ಕರೆಂಟ್ ಹೋದಾಗ ಇಂಟರ್‌ನೆಟ್: ಮಿನಿ ಯುಪಿಎಸ್ಸೋ, ಇನ್ವರ್ಟರೋ?

ಗೋವಾದ ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯುವುದು ಹೊಸದಲ್ಲ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತವನ್ನು ವಾಸ್ಕೋ, ಮಡಗಾಂವ್‌ನ ಕನ್ನಡಿಗರು ಮರೆತಿರಲಿಕ್ಕಿಲ್ಲ.

ಮಿನಿ ಯುಪಿಎಸ್ (ರೂಟರಿಗೆ ಕರೆಂಟ್ ಕೊಡುವ ಪುಟ್ಟ ಬ್ಯಾಟರಿ ಪೆಟ್ಟಿಗೆ) ಅಥವಾ ಇನ್ವರ್ಟರ್ ಕೊಳ್ಳುವ ಮೊದಲು ಮನೆಗೆ ಬರುವ ಇಂಟರ್‌ನೆಟ್ ತಂತಿ ನೋಡಿ. ಜಿಪಾನ್ ಫೈಬರ್ (ಬೆಳಕಿನಲ್ಲಿ ಸಿಗ್ನಲ್ ತರುವ ಗಾಜಿನ ಎಳೆ) ಆದರೆ ದಾರಿಯಲ್ಲಿ ಅದನ್ನು ಮನೆಮನೆಗೆ ಹಂಚುವ ಸ್ಪ್ಲಿಟರ್‌ಗೆ ಕರೆಂಟೇ ಬೇಡ. ತಾಮ್ರದ ಲ್ಯಾನ್ ಕೇಬಲ್ ಆದರೆ ಇಂಟರ್‌ನೆಟ್ ಹಂಚುವ ತಾರಸಿಯ ಪೆಟ್ಟಿಗೆಗೂ (ನೆಟ್‌ವರ್ಕ್ ಸ್ವಿಚ್) ಬ್ಯಾಕಪ್ ಇರಬೇಕು. ಇಲ್ಲದಿದ್ದರೆ ನೀವು ಏನು ಕೊಂಡರೂ ದಂಡ.

ಮಿನಿ ಯುಪಿಎಸ್ ನೇರ 12 ವೋಲ್ಟ್ ಕೊಡುತ್ತದೆ. ಒಳಗೆ 3.7 ವೋಲ್ಟಿನ ಲಿಥಿಯಂ ಸೆಲ್‌ಗಳು ಒಟ್ಟು 8000 ಎಂಎಎಚ್ ಇದ್ದರೆ ಸುಮಾರು 30 ವ್ಯಾಟ್‌ಅವರ್, ಅಂದರೆ ಒಂದು ವ್ಯಾಟಿನ ಸಾಧನ 30 ತಾಸು ನಡೆಯುವಷ್ಟು ವಿದ್ಯುತ್. ನಷ್ಟ ಕಳೆದು 10 ವ್ಯಾಟಿನ ರೂಟರ್ ಎರಡೂವರೆ ತಾಸು ನಡೆದೀತು. ಅಡಾಪ್ಟರ್ ಮೇಲೆ 9 ವೋಲ್ಟ್ ಎಂದಿದ್ದರೆ 12ರ ಪಿನ್ ಚುಚ್ಚಬೇಡಿ, ರೂಟರ್ ಸುಡಬಹುದು. ಆಂಪಿಯರ್ ಕಡಿಮೆಯಾದರೆ ರೂಟರ್ ಪದೇ ಪದೇ ರೀಸ್ಟಾರ್ಟ್ ಆಗುತ್ತದೆ.

ಇನ್ವರ್ಟರ್ ಜೊತೆ 12 ವೋಲ್ಟಿನ 150 ಎಎಚ್ ಬ್ಯಾಟರಿ ಅಂದರೆ ಲೆಕ್ಕಕ್ಕೆ 1800 ವ್ಯಾಟ್‌ಅವರ್. ಫ್ಯಾನು, ಲ್ಯಾಪ್‌ಟಾಪ್ ಎಲ್ಲ ನಡೆಯುತ್ತವೆ. ಆದರೆ ಜಾಗ ಬೇಕು, ಡಿಸ್ಟಿಲ್ಡ್ ವಾಟರ್ ತುಂಬಬೇಕು. ಇನ್ವರ್ಟರ್ ಹಿಂಬದಿಯ ಗುಂಡಿ ಯುಪಿಎಸ್ ಮೋಡ್‌ನಲ್ಲಿರಲಿ; ಇಲ್ಲವಾದರೆ ಬ್ಯಾಟರಿಗೆ ಬದಲಾಗುವ ಕ್ಷಣದಲ್ಲೇ ರೂಟರ್ ಆರಿ ಮೀಟಿಂಗ್ ಹೋಯಿತು.

ಮೊಬೈಲ್ ಹಾಟ್‌ಸ್ಪಾಟ್? ಟವರಿಗೆ 48 ವೋಲ್ಟಿನ ಬ್ಯಾಟರಿ, ಹಲವೆಡೆ ಡೀಸೆಲ್ ಜನರೇಟರ್ ಇರುತ್ತದೆ. ಆದರೆ ಬೀದಿಯೆಲ್ಲ ಅದಕ್ಕೇ ಮುಗಿಬಿದ್ದರೆ ವೇಗ ಕುಸಿಯುತ್ತದೆ.

ಪುಣೆಯ ಬಾಡಿಗೆ ಮನೆ, ಒಂದೆರಡು ತಾಸಿನ ಕಡಿತ: ಮಿನಿ ಯುಪಿಎಸ್ ಸಾಕು. ಗೋವಾದ ಹಳ್ಳಿಮನೆಗೆ ಇನ್ವರ್ಟರೇ ಸರಿ.