ಡಿಗ್ರೀ ವೀಲ್ ಕಿಟ್: ಚಕ್ರ ಚೆನ್ನಾಗಿದೆ, ಮುಳ್ಳು ಮಾತ್ರ ಕಸ

ಎಟಿವಿ (ಕಚ್ಚಾ ದಾರಿಯಲ್ಲಿ ಓಡಿಸುವ ನಾಲ್ಕು ಚಕ್ರದ ಗಾಡಿ) ಎಂಜಿನ್ನಿನ ಕ್ಯಾಮ್ ಟೈಮಿಂಗ್, ಅಂದರೆ ವಾಲ್ವ್ ಯಾವಾಗ ತೆರೆದು ಮುಚ್ಚಬೇಕು ಅನ್ನುವುದನ್ನು ಕೂರಿಸಲು ಡಿಗ್ರೀ ವೀಲ್ (ಕ್ರ್ಯಾಂಕಿಗೆ ಕೂರಿಸುವ, ಸುತ್ತ ಡಿಗ್ರಿ ಗೆರೆಗಳಿರುವ ಚಕ್ರ) ಬೇಕು ಅಂತ ಯಾರಾದರೂ ಹೇಳಿದ್ದರೆ ಮೊದಲು ನಕ್ಕುಬಿಡುತ್ತಿದ್ದೆ. ಮ್ಯಾಗ್ನೆಟ್ (ಕ್ರ್ಯಾಂಕಿನ ತುದಿಯ ಭಾರದ ಚಕ್ರ) ಮೇಲೆ, ಪಿಸ್ಟನ್ ತೀರಾ ಮೇಲೆ ಬಂದಿದೆ ಅಂತ ತೋರಿಸುವ ಟಿ ಗುರುತು ಇದೆ. ಕ್ಯಾಮ್ ಸ್ಪ್ರಾಕೆಟ್ ಮೇಲೆ ಎರಡು ಗೆರೆ ಇವೆ. ಟಿ ಗುರುತನ್ನು ಕಿಂಡಿಗೆ ತಂದು, ಗೆರೆಗಳನ್ನು ಹೆಡ್ಡಿನ ಮೇಲ್ಮೈಗೆ ಸಮ ಮಾಡಿದರೆ ಆಯ್ತು, ಅಲ್ವಾ? ಇಷ್ಟು ವರ್ಷ ನಾನು ಮಾಡಿದ್ದೂ ಅದೇ.

ಈ ಸಲ ಅದು ಕೈಕೊಟ್ಟಿತು.

ನನ್ನದು ನಾಲ್ಕು ಸ್ಟ್ರೋಕಿನ, ಒಂದೇ ಸಿಲಿಂಡರಿನ, ಗಾಳಿಯಲ್ಲಿ ತಣ್ಣಗಾಗುವ ಎಂಜಿನ್. ಬೋರ್ ಮಾಡಿಸಿ, ಹೊಸ ಪಿಸ್ಟನ್, ರಿಂಗ್, ಟೈಮಿಂಗ್ ಚೈನ್ ಹಾಕಿದೆ. ಹೆಡ್ ಸ್ವಲ್ಪ ಬಾಗಿತ್ತು, ಅದನ್ನೂ ಮಟ್ಟ ಮಾಡಿಸಿದೆ. ಕ್ಯಾಮ್ ಹಳೆಯದು ಸವೆದಿತ್ತು ಅಂತ ಬೇರೆ ಕಂಪನಿಯ ಕ್ಯಾಮ್ ತಂದೆ. ಎಲ್ಲಾ ಜೋಡಿಸಿ ಬಟನ್ ಒತ್ತಿದರೆ ಎಂಜಿನ್ ಏನೋ ಎದ್ದಿತು, ಆದರೆ ಬೇಸರದಿಂದ ಎದ್ದಂಗೆ. ಮೇಲಿನ ಆರ್‌ಪಿಎಂನಲ್ಲಿ ಪರವಾಗಿಲ್ಲ, ಕೆಳಗೆ ಮಾತ್ರ ಎಳೆತವೇ ಇಲ್ಲ. ಕಂಪ್ರೆಷನ್ ಗೇಜ್ ಹಾಕಿ ನೋಡಿದರೆ ಓವರ್‌ಹಾಲ್‌ಗೆ ಮುಂಚೆ ಇದ್ದದ್ದಕ್ಕಿಂತ ಕಮ್ಮಿ! ಹೊಸ ರಿಂಗ್ ಹಾಕಿ ಕಂಪ್ರೆಷನ್ ಇಳಿದರೆ ತಲೆ ಕೆಡದೆ ಇರುತ್ತಾ?

ಆಗ ತಂದದ್ದು ಈ ಕಿಟ್. ಡಬ್ಬಿಯಲ್ಲಿ ಅಲ್ಯೂಮಿನಿಯಂ ಡಿಗ್ರೀ ವೀಲ್, ಪ್ಲಗ್ ತೂತಿಗೆ ಹಾಕುವ ಪಿಸ್ಟನ್ ಸ್ಟಾಪ್, ಒಂದು ಡಯಲ್ ಗೇಜ್, ಅದಕ್ಕೆ ಮ್ಯಾಗ್ನೆಟ್ ಸ್ಟ್ಯಾಂಡ್, ಚಕ್ರದ ಗೆರೆ ತೋರಿಸಲು ಒಂದು ತಂತಿ ಮುಳ್ಳು, ಒಂದು ಹಾಳೆ ಸೂಚನೆ.

ಹಾಳೆಯಿಂದಲೇ ಶುರು ಮಾಡೋಣ. ಅದನ್ನು ಬರೆದವರು ಎಟಿವಿ ಕಂಡಿಲ್ಲ. ಎಲ್ಲವೂ ಕಾರಿನ ದೊಡ್ಡ ಎಂಜಿನ್ನಿಗೆ. ಕ್ರ್ಯಾಂಕನ್ನು ಗಡಿಯಾರದ ದಿಕ್ಕಿಗೆ ತಿರುಗಿಸಿ ಅನ್ನುತ್ತದೆ. ನನ್ನ ಎಂಜಿನ್ ಎಡಗಡೆ ಮ್ಯಾಗ್ನೆಟ್ ಬದಿಯಿಂದ ನೋಡಿದರೆ ಗಡಿಯಾರಕ್ಕೆ ಉಲ್ಟಾ ತಿರುಗುತ್ತದೆ. ಹಾಳೆ ನಂಬಿ ತಿರುಗಿಸಿದರೆ ಚೈನಿನ ಸಡಿಲೆಲ್ಲ ತಪ್ಪು ಬದಿಗೆ ಬರುತ್ತದೆ, ಓದುವ ಅಂಕಿ ಎಲ್ಲವೂ ಸುಳ್ಳು. ಎಂಜಿನ್ ಓಡುವ ದಿಕ್ಕಿಗೇ ತಿರುಗಿಸಬೇಕು. ಗುರುತು ದಾಟಿ ಹೋದರೆ ಒಂದಿಷ್ಟು ಜಾಸ್ತಿಯೇ ಹಿಂದೆ ಹೋಗಿ, ಮತ್ತೆ ಮುಂದಕ್ಕೆ ಬರಬೇಕು. ಇದು ಹಾಳೆಯಲ್ಲಿ ಎಲ್ಲೂ ಇಲ್ಲ. ಇನ್ನೊಂದು: ಚಕ್ರ ಕೂರಿಸಲು ನಾನು ಎಡಗಡೆ ಕವರ್ ಬಿಚ್ಚಲೇಬೇಕಾಯಿತು. ಕಾಯಿಲ್ ಕವರಿನ ಒಳಗೇ ಇರುವುದರಿಂದ ಮ್ಯಾಗ್ನೆಟ್ ಅದನ್ನು ಸುಲಭಕ್ಕೆ ಬಿಡುವುದಿಲ್ಲ. ವಾಪಸ್ ಹಾಕುವಾಗ ಫಟ್ ಅಂತ ಎಳೆದುಕೊಳ್ಳುತ್ತದೆ, ಬೆರಳು ಜೋಪಾನ. ಕವರಿನ ಪ್ಯಾಕಿಂಗ್ ಹರಿಯಿತು. ಒಂದು ಮೊದಲೇ ತಂದಿಟ್ಟುಕೊಳ್ಳಿ.

ಈಗ ಹೊಗಳಬೇಕಾದ್ದು. ಈ ಡಬ್ಬಿಯಲ್ಲಿ ಅತಿ ಚಿಕ್ಕ ವಸ್ತು ಪಿಸ್ಟನ್ ಸ್ಟಾಪ್, ನನಗೆ ಅತಿ ಜಾಸ್ತಿ ಕೆಲಸಕ್ಕೆ ಬಂದದ್ದೂ ಅದೇ. ಪಿಸ್ಟನ್ ತುದಿ ತಲುಪುವ ಜಾಗದಲ್ಲಿ ಕ್ರ್ಯಾಂಕ್ ಒಂದೆರಡು ಡಿಗ್ರಿ ತಿರುಗಿದರೂ ಪಿಸ್ಟನ್ ಅಲುಗಿದ್ದೇ ಗೊತ್ತಾಗುವುದಿಲ್ಲ. ಹಾಗಾಗಿ ಪ್ಲಗ್ ತೂತಿನಲ್ಲಿ ಸ್ಕ್ರೂಡ್ರೈವರ್ ಇಟ್ಟು ಟಿಡಿಸಿ (ಪಿಸ್ಟನ್ ತೀರಾ ಮೇಲೆ ಇರುವ ಬಿಂದು) ಹುಡುಕುವುದು ಸುಮ್ನೆ ಊಹೆ. ಸ್ಟಾಪ್ ಹಾಕಿದರೆ ಪಿಸ್ಟನ್ ಮೇಲೆ ಬರುವ ಮುಂಚೆಯೇ ಅದಕ್ಕೆ ತಾಗಿ ನಿಲ್ಲುತ್ತದೆ. ಒಂದು ಕಡೆಯಿಂದ ತಾಗಿಸಿ ಓದಿ, ಇನ್ನೊಂದು ಕಡೆಯಿಂದ ತಾಗಿಸಿ ಓದಿ. ನಡುವೆ ಇರುವುದೇ ನಿಜವಾದ ಟಿಡಿಸಿ. ನನಗೆ ಒಂದು ಕಡೆ 37, ಇನ್ನೊಂದು ಕಡೆ 33 ಬಂತು. ಮುಳ್ಳನ್ನು 2 ಡಿಗ್ರಿ ಸರಿಸಿದೆ, ಎರಡೂ ಕಡೆ 35 ಆಯ್ತು. ಅಂದರೆ ಕಿಂಡಿಯಲ್ಲಿ ಓರೆಯಾಗಿ ಬಗ್ಗಿ ನೋಡಿ ನಾನು ಹೊಂದಿಸಿದ್ದ ಟಿ ಗುರುತೇ 2 ಡಿಗ್ರಿ ಆಚೆ ಈಚೆ ಇತ್ತು.

ಆದರೆ ಸ್ಟಾಪಿನ ತುದಿ ಚೂಪಾಗಿತ್ತು. ಹೊಸ ಪಿಸ್ಟನ್ ತಲೆಗೆ ಅದನ್ನು ಕುಟ್ಟಿಸುವ ಮನಸ್ಸಾಗಲಿಲ್ಲ. ಅರದಲ್ಲಿ ಉಜ್ಜಿ ಗುಂಡಗೆ ಮಾಡಿಕೊಂಡೆ. ಟ್ಯಾಪೆಟ್ (ವಾಲ್ವನ್ನು ಒತ್ತುವ ಸ್ಕ್ರೂ) ಸಡಿಲ ಬಿಟ್ಟು ವಾಲ್ವ್ ಮುಚ್ಚಿರುವಂತೆ ನೋಡಿಕೊಂಡೆ, ಇಲ್ಲದಿದ್ದರೆ ಸ್ಟಾಪ್ ವಾಲ್ವಿಗೇ ತಾಗಬಹುದು. ಕೈಯಲ್ಲೇ, ಮೆಲ್ಲಗೆ ತಿರುಗಿಸಿ. ಸ್ಟಾಪ್ ಒಳಗಿರುವಾಗ ಸ್ಟಾರ್ಟರ್ ಬಟನ್ ಮುಟ್ಟಿದರೆ ಕಥೆ ಮುಗೀತು.

ಚಕ್ರವೂ ಚೆನ್ನಾಗಿದೆ. ಅಗಲವಿದೆ, ಗೆರೆಗಳು ಸಪೂರ, ಅರ್ಧ ಡಿಗ್ರಿ ಅಂದಾಜು ಮಾಡಬಹುದು. ಗೆರೆಗಳನ್ನು ಕೊರೆದಿದ್ದಾರೆ, ಅಂಕಿಗಳನ್ನು ಮಾತ್ರ ಬರೀ ಪ್ರಿಂಟ್ ಮಾಡಿದ್ದಾರೆ. ಎಣ್ಣೆ ಕೈ ಗುರುತು ಒರೆಸೋಣ ಅಂತ ಕಾರ್ಬ್ ಕ್ಲೀನರ್ ಬಟ್ಟೆ ಆಡಿಸಿದೆ, 90 ಹೊರಟೇ ಹೋಯಿತು.

ಮುಳ್ಳು? ಬಾಗಿಸಿದ ಕಡೆ ನಿಲ್ಲುವುದಿಲ್ಲ. ಮೊಣಕೈ ತಾಗಿದರೆ 3 ಡಿಗ್ರಿ ಹೋಯಿತು. ಎರಡು ಸಲ ಮೊದಲಿನಿಂದ ಟಿಡಿಸಿ ಹುಡುಕಿದ ಮೇಲೆ ಅದನ್ನು ಬಿಸಾಕಿ, ವೆಲ್ಡಿಂಗ್ ರಾಡಿನ ತುಂಡನ್ನು ಚೂಪು ಮಾಡಿ ಕವರಿನ ಬೋಲ್ಟಿಗೆ ಕಟ್ಟಿದೆ. ಮ್ಯಾಗ್ನೆಟ್ ಸ್ಟ್ಯಾಂಡ್ ಇನ್ನೂ ತಮಾಷೆ. ಹೆಡ್ ಅಲ್ಯೂಮಿನಿಯಂ, ಬ್ಲಾಕ್ ಅಲ್ಯೂಮಿನಿಯಂ. ಮ್ಯಾಗ್ನೆಟ್ ಅಂಟುವುದು ಎಲ್ಲಿಗೆ? ವಾಲ್ವ್ ಕವರಿನ ಬೋಲ್ಟ್ ತೂತಿಗೆ ಕಬ್ಬಿಣದ ಪಟ್ಟಿಯೊಂದನ್ನು ಬಿಗಿದು, ಅದರ ಮೇಲೆ ಕೂರಿಸಿದೆ. ಗೇಜ್ ಮಾತ್ರ ಒಳ್ಳೆಯದು, ಪ್ರತಿ ಸಲವೂ ಸೊನ್ನೆಗೆ ಸರಿಯಾಗಿ ವಾಪಸ್ ಬರುತ್ತದೆ.

ಇನ್ನು ಅಳತೆ. ಟ್ಯಾಪೆಟ್ ಗ್ಯಾಪ್ ತೆಗೆದು, ಗೇಜಿನ ಕಡ್ಡಿಯನ್ನು ಇನ್‌ಟೇಕ್ ವಾಲ್ವಿನ ತಲೆಗೆ, ವಾಲ್ವ್ ಓಡುವ ನೇರದಲ್ಲೇ ಇಟ್ಟೆ. ವಾಲ್ವ್ ಪೂರ್ತಿ ತೆರೆದಾಗ ಗೇಜ್ ಸೊನ್ನೆ ಮಾಡಿದೆ. ಆ ತುದಿಗಿಂತ 1.27 ಮಿ.ಮೀ. ಮುಂಚೆ ಒಂದು ಓದು, ಅಷ್ಟೇ ಇಳಿದ ಮೇಲೆ ಇನ್ನೊಂದು ಓದು. ಕ್ಯಾಮ್ ಜೊತೆ ಬಂದ ಚೀಟಿಯಲ್ಲಿ ಇನ್‌ಟೇಕ್ ಸೆಂಟರ್ (ಇನ್‌ಟೇಕ್ ವಾಲ್ವ್ ಪೂರ್ತಿ ತೆರೆಯುವ ಬಿಂದು) ಟಿಡಿಸಿ ದಾಟಿ 108 ಡಿಗ್ರಿ ಅಂತಿತ್ತು. ನನಗೆ ಬಂದದ್ದು 99 ಮತ್ತು 159. ಕೂಡಿಸಿ ಅರ್ಧ ಮಾಡಿದರೆ 129.

21 ಡಿಗ್ರಿ ತಡ! ನನ್ನ ಕ್ಯಾಮ್ ಸ್ಪ್ರಾಕೆಟ್ಟಿಗೆ 34 ಹಲ್ಲು. ಒಂದು ಹಲ್ಲು ಅಂದರೆ ಕ್ಯಾಮಿನಲ್ಲಿ ಹತ್ತೂವರೆ ಡಿಗ್ರಿ ಚಿಲ್ಲರೆ. ಕ್ಯಾಮ್ ಒಂದು ಸುತ್ತು ಹಾಕುವಷ್ಟರಲ್ಲಿ ಕ್ರ್ಯಾಂಕ್ ಎರಡು ಸುತ್ತು ಹಾಕುತ್ತದೆ, ಹಾಗಾಗಿ ಕ್ರ್ಯಾಂಕಿನಲ್ಲಿ ಅದು 21. ಒಂದು ಹಲ್ಲು ತಪ್ಪಿದ್ದೆ, ಅಷ್ಟೇ. ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುತ್ತಿತ್ತು, ಪಿಸ್ಟನ್ ಮೇಲೆ ಬರುವಾಗ ಗಾಳಿ ವಾಪಸ್ ಹೋಗುತ್ತಿತ್ತು. ಕಂಪ್ರೆಷನ್ ಯಾಕೆ ಇಳಿದಿತ್ತು ಅಂತ ಈಗ ಗೊತ್ತಾಯಿತು.

ತಪ್ಪಿದ್ದು ಎಲ್ಲಿ ಅಂದರೆ, ಟೆನ್ಷನರ್ (ಚೈನನ್ನು ಬಿಗಿಯಾಗಿಡುವ ಭಾಗ) ಹಾಕುವ ಮುಂಚೆ ಗೆರೆ ಮಟ್ಟವಾಗಿಯೇ ಇತ್ತು. ಆದರೆ ಟೆನ್ಷನರ್ ಇಲ್ಲದ ಬದಿಯಲ್ಲಿ ಚೈನ್ ಸಡಿಲ ಬಿಟ್ಟಿದ್ದೆ. ಆ ಬದಿ ಮೊದಲು ಬಿಗಿಯಾಗಿ ಎಳೆದುಕೊಂಡಿರಬೇಕು, ಸಡಿಲೆಲ್ಲ ಟೆನ್ಷನರ್ ಕಡೆಗೇ ಉಳಿಯಬೇಕು. ನಾನು ಟೆನ್ಷನರ್ ಬಿಟ್ಟ ತಕ್ಷಣ ಅದು ಚೈನನ್ನು ತನ್ನ ಕಡೆಗೆ ಎಳೆದುಕೊಂಡು ಕ್ಯಾಮನ್ನು ಹಿಂದಕ್ಕೆ ತಿರುಗಿಸಿತು. ನಾನು ಮತ್ತೆ ನೋಡದೆ ಕವರ್ ಮುಚ್ಚಿದೆ. ನಿಜ ಹೇಳಬೇಕೆಂದರೆ ಇದನ್ನು ಕಂಡುಹಿಡಿಯಲು ಈ ಕಿಟ್ ಬೇಕಿರಲಿಲ್ಲ. ಟೆನ್ಷನರ್ ಹಾಕಿದ ಮೇಲೆ ಕೈಯಲ್ಲಿ ಎರಡು ಸುತ್ತು ತಿರುಗಿಸಿ ಗುರುತು ನೋಡಿದ್ದರೆ ಅಲ್ಲೇ ಕಾಣುತ್ತಿತ್ತು.

ಟೆನ್ಷನರ್ ತೆಗೆದೆ. ಸ್ಪ್ರಾಕೆಟ್ ಬಿಚ್ಚುವ ಮುಂಚೆ ಚೈನಿಗೆ ತಂತಿ ಕಟ್ಟಿದೆ, ಬೋಲ್ಟ್ ಒಳಗೆ ಬೀಳದಂತೆ ಚೈನ್ ಗುಂಡಿಗೆ ಬಟ್ಟೆ ತುರುಕಿದೆ. ಒಂದು ಹಲ್ಲು ಸರಿಸಿ, ಟೆನ್ಷನರ್ ಹಾಕಿ, ಈ ಸಲ ಎರಡಲ್ಲ, ನಾಲ್ಕು ಸುತ್ತು ತಿರುಗಿಸಿದೆ. ಓದಿದ್ದು 79 ಮತ್ತು 139. ಸೆಂಟರ್ 109.

ಆ ಉಳಿದ 1 ಡಿಗ್ರಿ ಹೆಡ್ ಮಟ್ಟ ಮಾಡಿಸಿದ್ದರಿಂದ ಅಂತ ನನ್ನ ಲೆಕ್ಕ. ಹೆಡ್ ಕೆಳಗೆ ಇಳಿದಷ್ಟೂ ಕ್ಯಾಮ್ ಕ್ರ್ಯಾಂಕಿಗೆ ಹತ್ತಿರವಾಗುತ್ತದೆ, ಟೈಮಿಂಗ್ ತಡವಾಗುತ್ತದೆ. ಉದ್ದ ತೂತಿನ ಸ್ಪ್ರಾಕೆಟ್ ತಂದು ಅದನ್ನೂ ಸರಿ ಮಾಡಬಹುದಿತ್ತು. ನಾನೇನು ರೇಸಿಗೆ ಹೋಗುವವನಲ್ಲ, ಬಿಟ್ಟೆ.

ಕಂಪನಿಯ ಮೂಲ ಕ್ಯಾಮನ್ನೇ ವಾಪಸ್ ಹಾಕುವವರಿಗೆ ಈ ಕಿಟ್ ಬೇಡ, ಗುರುತು ನೋಡಿ ಹಾಕಿ. ಕ್ಯಾಮ್ ಬದಲಿಸುವವರು, ಹೆಡ್ ಮಟ್ಟ ಮಾಡಿಸಿದವರು, ದಪ್ಪ ಪ್ಯಾಕಿಂಗ್ ಹಾಕುವವರು ತಗೊಳ್ಳಿ. ಐದಕ್ಕೆ ಮೂರೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಹಾಳೆಗೆ, ಒಂದು ಪೂರ್ತಿ ಮುಳ್ಳಿಗೆ. 90 ಅನ್ನು ಮಾರ್ಕರಿನಲ್ಲಿ ನಾನೇ ಬರೆದುಕೊಂಡಿದ್ದೇನೆ.