ಎಂಜಿನ್ ಓಡ್ತಿದೆ ಅಂದರೆ ಕೀ ಕಾರಿನಲ್ಲಿದೆ ಅಂತಲ್ಲ: ಪುಶ್ ಬಟನ್ ಗಾಡಿ ಇರುವವರು ಓದಿ

ಕೀ ಜೇಬಿನಲ್ಲಿದ್ದರೆ ಸಾಕು, ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರು ನಿಮ್ಮ ಮನೆಯಲ್ಲಿದ್ದು, ಅದನ್ನು ಓಡಿಸುವವರು ಒಬ್ಬರಿಗಿಂತ ಹೆಚ್ಚಿದ್ದರೆ ಇದನ್ನು ಪೂರ್ತಿ ಓದಿ. ವಿಷಯ ಇಷ್ಟೇ: ಕೀ ಕಾರಿನಿಂದ ಇಳಿದು ಬೇರೆ ಊರಿಗೆ ಹೋದರೂ ಎಂಜಿನ್ ನಿಲ್ಲುವುದಿಲ್ಲ. ನೀವು ಎಲ್ಲೋ ಕಾಡಿನ ನಡುವೆ ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಲು ಹೋದಾಗಲೇ ಗೊತ್ತಾಗುವುದು.

ನಮಗೆ ಆಗಿದ್ದು ಮಂಡಗದ್ದೆಯಲ್ಲಿ. ಶ್ರಾವಣದ ಮಳೆ. ಶಿವಮೊಗ್ಗದಲ್ಲಿ ನೆಂಟರ ಮದುವೆ ಮುಗಿಸಿ ತೀರ್ಥಹಳ್ಳಿ ಕಡೆ ನಮ್ಮ ಮನೆಗೆ ಹೊರಟಿದ್ದೆವು. ಭಾವನಿಗೆ ಮೈಸೂರಿಗೆ ರೈಲಿತ್ತು. ಛತ್ರದಿಂದ ರೈಲ್ವೆ ಸ್ಟೇಷನ್ ತನಕ ಗಾಡಿ ಓಡಿಸಿದ್ದು ಅವರೇ, ಹಾಗಾಗಿ ಕೀ ಅವರ ಜರ್ಕಿನ್ ಜೇಬಿನಲ್ಲಿತ್ತು. ಸ್ಟೇಷನ್ ಮುಂದೆ ನಿಲ್ಲಿಸಲು ಜಾಗವಿಲ್ಲ, ಹಿಂದಿನಿಂದ ಆಟೋದವರ ಹಾರ್ನ್. ಎಂಜಿನ್ ಆಫ್ ಮಾಡದೆ ಭಾವ ಇಳಿದರು, ಪಕ್ಕದ ಸೀಟಿನಲ್ಲಿದ್ದ ನಾನು ಸುತ್ತಿ ಬಂದು ಸ್ಟೇರಿಂಗ್ ಹಿಡಿದೆ. ಡೋರ್ ಮುಚ್ಚಿದಾಗ ಕಾರು ಬೀಪ್ ಅಂದಿತಂತೆ. ಹಿಂದಿನ ಸೀಟಿನಲ್ಲಿದ್ದ ಅಮ್ಮ ಆಮೇಲೆ ಹೇಳಿದ್ದು. ಬೆಲ್ಟ್ ಹಾಕದಿದ್ದರೂ ಬೀಪ್, ಡೋರ್ ಸರಿಯಾಗಿ ಹಾಕದಿದ್ದರೂ ಬೀಪ್, ರಿವರ್ಸ್ ಹಾಕಿದರೂ ಬೀಪ್. ಇದು ಯಾವ ಬೀಪ್ ಅಂತ ಆ ಗಲಾಟೆಯಲ್ಲಿ ಯಾರು ಯೋಚಿಸುತ್ತಾರೆ?

ಗಾಜನೂರು ದಾಟಿತು, ಸಕ್ರೆಬೈಲು ದಾಟಿತು. ಗಾಡಿ ಎಂದಿನಂತೆಯೇ ಓಡಿತು. ಮಂಡಗದ್ದೆಯಲ್ಲಿ ಕಾಫಿಗೆ ನಿಲ್ಲಿಸಿ ಆಫ್ ಮಾಡಿದೆ. ಕಾಫಿ ಕುಡಿದು ಬಂದು ಬಟನ್ ಒತ್ತಿದರೆ ಕೀ ಪತ್ತೆಯಾಗಿಲ್ಲ ಎಂಬ ಸಂದೇಶ. ಸೀಟಿನ ಅಡಿ, ಬ್ಯಾಗು, ಅಮ್ಮನ ಸೀರೆಯ ಕವರು, ತಾಂಬೂಲದ ಚೀಲ ಎಲ್ಲಾ ಹುಡುಕಿ ಆಯಿತು. ನನ್ನ ಸಿಮ್‌ಗೆ ಸಿಗ್ನಲ್ ಇಲ್ಲ. ಹೋಟೆಲಿನವರ ಫೋನಿನಿಂದ ಭಾವನಿಗೆ ಮಾಡಿದೆ.

"ಭಾವಾ, ಕಾರಿನ ಕೀ ನಿಮ್ಮ ಹತ್ರ ಇದ್ಯಾ ನೋಡಿ."

ಒಂದು ಕ್ಷಣ ರೈಲಿನ ಸದ್ದು ಮಾತ್ರ. "ಓ ಮಾರಾಯಾ, ಇಲ್ಲೇ ಇದೆಯಲ್ಲೋ!"

ರೈಲು ಭದ್ರಾವತಿ ದಾಟಿ ತರೀಕೆರೆ ಹತ್ತಿರವಿತ್ತು.

ಇಲ್ಲಿಂದ ಮುಂದಿನದು ನಿಜವಾದ ಫಜೀತಿ. ಕಾರನ್ನು ಲಾಕ್ ಮಾಡಿ ಬಸ್ಸು ಹತ್ತಿ ಹೋಗೋಣ ಅಂದರೆ, ಹ್ಯಾಂಡಲ್ ಮೇಲಿನ ಬಟನ್ ಒತ್ತಿದರೆ ಲಾಕ್ ಆಗುವುದಿಲ್ಲ, ಕೀ ಹತ್ತಿರ ಇಲ್ಲವಲ್ಲ. ಒಳಗೆ ಅಮ್ಮನ ಒಡವೆ, ಉಡುಗೊರೆಯ ಬೆಳ್ಳಿ ಸಾಮಾನು. ಕತ್ತಲಾಗುತ್ತಿತ್ತು. ದಾರಿ ಮಧ್ಯೆ ಕೆಟ್ಟರೆ ಸಹಾಯಕ್ಕೆ ಅಂತ ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದರೆ, ಎರಡನೇ ಕೀ ತರಿಸಿಕೊಳ್ಳಿ, ಇಲ್ಲದಿದ್ದರೆ ಗಾಡಿ ಹೇರಿಕೊಂಡು ಶಿವಮೊಗ್ಗಕ್ಕೆ ಒಯ್ಯಬೇಕು, ಅದೂ ಬೆಳಿಗ್ಗೆ ಅಂದರು. ಎರಡನೇ ಕೀ ಮನೆಯ ಬೀರುವಿನಲ್ಲಿತ್ತು. ಚಿಕ್ಕಪ್ಪನ ಮಗ ಬೀರು ತೆಗೆಸಿ, ಕೀಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು, ಆ ಮಳೆಯಲ್ಲಿ ಬೈಕಿನಲ್ಲಿ ತಂದ. ಮೂವತ್ತು ಕಿಲೋಮೀಟರ್ ಹತ್ತಿರ ದಾರಿ, ಅದರಲ್ಲಿ ಬಹುಪಾಲು ಕಾಡು.

ಆ ಕೀಯ ಬಟನ್ ಒತ್ತಿದೆ. ಜೀವವೇ ಇಲ್ಲ. ಗಾಡಿ ತಂದ ದಿನ ಬೀರುವಿಗೆ ಸೇರಿದ್ದು, ಒಳಗಿನ ಬಿಲ್ಲೆ ಸೆಲ್ ಅಲ್ಲೇ ಸತ್ತಿತ್ತು. ಆ ಹೊತ್ತಿನಲ್ಲಿ ಮಂಡಗದ್ದೆಯಲ್ಲಿ ಸಿಆರ್ 2032 ಸೆಲ್ ಯಾರು ಇಟ್ಟಿರುತ್ತಾರೆ?

ನಮ್ಮನ್ನು ಪಾರು ಮಾಡಿದ್ದು ಶೃಂಗೇರಿಯಿಂದ ಯಾತ್ರಿಕರನ್ನು ಕರೆದುಕೊಂಡು ವಾಪಸು ಬರುತ್ತಿದ್ದ ಒಬ್ಬ ಟ್ಯಾಕ್ಸಿ ಡ್ರೈವರ್. ಟೀ ಲೋಟ ಹಿಡಿದುಕೊಂಡೇ ಬಂದು ನೋಡಿದ. "ಸಾರ್, ಕ್ಲಚ್ ತುಳಿರಿ. ಬೆರಳಲ್ಲಿ ಒತ್ತಬೇಡಿ, ಆ ಕೀಯಿಂದಾನೇ ಬಟನ್ ಒತ್ತಿ." ಒತ್ತಿದೆ. ಗಾಡಿ ಸ್ಟಾರ್ಟ್ ಆಯಿತು! ಸತ್ತ ಸೆಲ್ಲಿನ ಕೀಯಿಂದ! ಅಮ್ಮ ಅವನಿಗೆ ತಾಂಬೂಲದ ಚೀಲದಿಂದ ತೆಂಗಿನಕಾಯಿ ಕೊಟ್ಟು ಕಳಿಸಿದರು.

ಮನೆಗೆ ಬಂದ ಮೇಲೆ ಇದರ ಬೆನ್ನು ಹತ್ತಿದೆ. ತಿಳಿದುಕೊಂಡದ್ದನ್ನು ಹೇಳುತ್ತೇನೆ, ಯಾಕೆಂದರೆ ಕಾರು ಕೀಯನ್ನು ಹೇಗೆ ಹುಡುಕುತ್ತದೆ ಅಂತ ಗೊತ್ತಿದ್ದರೆ ಅದು ಎಲ್ಲಿ ಕೈ ಕೊಡುತ್ತದೆ ಅನ್ನುವುದೂ ಗೊತ್ತಾಗುತ್ತದೆ.

ಕಾರಿನ ಬಾಗಿಲ ಹಿಡಿಗಳಲ್ಲಿ, ಮಧ್ಯದ ಕನ್ಸೋಲಿನಲ್ಲಿ, ಡಿಕ್ಕಿ ಅಥವಾ ಹಿಂದಿನ ಬಂಪರ್ ಹತ್ತಿರ ಸಣ್ಣ ಸಣ್ಣ ಆಂಟೆನಾಗಳಿರುತ್ತವೆ. ನೀವು ಹಿಡಿ ಮುಟ್ಟಿದಾಗ ಅಥವಾ ಸ್ಟಾರ್ಟ್ ಬಟನ್ ಒತ್ತಿದಾಗ ಇವು ತೀರಾ ಕಡಿಮೆ ಕಂಪನಾಂಕದಲ್ಲಿ, ಹೆಚ್ಚಿನ ಗಾಡಿಗಳಲ್ಲಿ 125 ಕಿಲೋಹರ್ಟ್ಸ್ ಆಸುಪಾಸಿನಲ್ಲಿ, ಒಂದು ಕರೆ ಕಳಿಸುತ್ತವೆ. ಜಗುಲಿಯಲ್ಲಿ ನಿಂತು ಮೆಲ್ಲಗೆ "ಯಾರಿದ್ದೀರಿ" ಅಂದ ಹಾಗೆ ಅದು, ಅಂಗಳದಾಚೆಗೆ ಕೇಳುವುದಿಲ್ಲ. ಬೇಕೆಂದೇ ಹಾಗೆ ಮಾಡಿದ್ದಾರೆ. ಈ ಕಾಂತಕ್ಷೇತ್ರದ ಬಲ ದೂರದ ಘನಕ್ಕೆ ತಕ್ಕಂತೆ ಇಳಿಯುತ್ತದೆ, ದೂರ ಎರಡು ಪಟ್ಟಾದರೆ ಬಲ ಎಂಟನೇ ಒಂದು ಭಾಗ. ಒಂದೆರಡು ಮೀಟರ್ ಆಚೆ ಕೀಗೆ ಅದು ಕೇಳಿಸುವುದೇ ಇಲ್ಲ. ಕೇಳಿಸಿದರೆ ಕೀ ಎಚ್ಚರಗೊಂಡು, ಯಾವ ಆಂಟೆನಾದ ಕರೆ ಎಷ್ಟು ಜೋರಾಗಿ ಬಂತು ಅಂತ ಅಳೆದು, ಗುಪ್ತ ಸಂಕೇತದ ಜೊತೆ ಉತ್ತರ ಕಳಿಸುತ್ತದೆ. ಆ ಉತ್ತರ ಬೇರೆ ಕಂಪನಾಂಕದಲ್ಲಿ, ಸಾಮಾನ್ಯವಾಗಿ 433 ಮೆಗಾಹರ್ಟ್ಸ್ ಸುತ್ತ. ಕೀ ಒಳಗಿದೆಯೋ, ಬಾಗಿಲ ಹೊರಗಿದೆಯೋ, ಡಿಕ್ಕಿಯಲ್ಲಿದೆಯೋ ಎಂದು ಕಾರು ಲೆಕ್ಕ ಹಾಕುವುದು ಈ ಅಳತೆಗಳನ್ನು ಹೋಲಿಸಿ. ಅಂದರೆ ಕೀ ಎಲ್ಲಿದೆ ಅಂತ ಕಾರು ಕಣ್ಣಾರೆ ನೋಡುತ್ತಿಲ್ಲ, ಸದ್ದಿನ ಜೋರಿನಿಂದ ಅಂದಾಜು ಮಾಡುತ್ತಿದೆ.

ಇನ್ನೊಂದು, ಇದೇ ನಮಗೆ ಕೈ ಕೊಟ್ಟದ್ದು: ಈ ವಿಚಾರಣೆ ಎಲ್ಲಾ ಹೊತ್ತೂ ನಡೆಯುವುದಿಲ್ಲ. ನಿರಂತರ ಕೇಳುತ್ತಾ ಹೋದರೆ ಕೀಯ ಪುಟ್ಟ ಸೆಲ್ ಬೇಗ ಮುಗಿದುಹೋಗುತ್ತದೆ. ಬಾಗಿಲು ತೆರೆದು ಮುಚ್ಚಿದಾಗ ಕಾರು ಒಮ್ಮೆ ನೋಡುತ್ತದೆ, ಕೀ ಸಿಗದಿದ್ದರೆ ಕೂಗುತ್ತದೆ. ಎಂಜಿನ್ ಮಾತ್ರ ನಿಲ್ಲಿಸುವುದಿಲ್ಲ. ನಿಲ್ಲಿಸಬಾರದು ಕೂಡ. ಆಗುಂಬೆ ಘಾಟಿಯ ತಿರುವಿನಲ್ಲಿ ಕೀಯ ಸೆಲ್ ಸತ್ತಿತು ಅಂತ ಎಂಜಿನ್ ನಿಂತರೆ ಪವರ್ ಸ್ಟೇರಿಂಗ್ ಹೋಗುತ್ತದೆ, ಬ್ರೇಕ್ ಗಟ್ಟಿಯಾಗುತ್ತದೆ, ಆಮೇಲೆ ಹೇಳುವುದೇ ಬೇಡ. ಹಾಗಾಗಿ ಆ ವಿನ್ಯಾಸದ ಮೇಲೆ ನನಗೆ ತಕರಾರಿಲ್ಲ. ತಕರಾರು ಇರುವುದು ಎಚ್ಚರಿಕೆಯ ಮೇಲೆ. ಕೀ ಗಾಡಿಯಿಂದ ಹೊರಗೆ ಹೋಗಿದೆ ಅನ್ನುವುದೂ ಬೆಲ್ಟ್ ಹಾಕಿಲ್ಲ ಅನ್ನುವುದೂ ಒಂದೇ ಥರದ ಬೀಪ್ ಆದರೆ ಹೇಗೆ?

ಇನ್ನು ಗಾಡಿ ಮಾರಿದವರು. ಡೆಲಿವರಿ ದಿನ ಹಾರ, ಕೇಕು, ಬಾನೆಟ್ ಮೇಲೆ ರಿಬ್ಬನ್ನು, ಫೋಟೋ. ಕೀ ಸತ್ತರೆ ಬಟನ್‌ಗೆ ತಾಗಿಸಿ ಒತ್ತಿ ಅನ್ನುವ ಒಂದು ಮಾತು ಹೇಳಲು ಅರ್ಧ ನಿಮಿಷವೂ ಬೇಡ. ಆಮೇಲೆ ಹೋಗಿ ಕೇಳಿದ್ದಕ್ಕೆ "ಮ್ಯಾನುಯಲ್‌ನಲ್ಲಿ ಎಲ್ಲಾ ಇದೆ ಸಾರ್" ಅಂದರು. ಇದೆ, ಇಲ್ಲ ಅನ್ನುವುದಿಲ್ಲ. ಇಂಗ್ಲಿಷಿನಲ್ಲಿ, ಇಟ್ಟಿಗೆಯಷ್ಟು ದಪ್ಪದ ಪುಸ್ತಕದೊಳಗೆ. ಅಮ್ಮ ಒಬ್ಬರೇ ಆ ಕಾರಿನ ಜೊತೆ ಸಿಕ್ಕಿಬಿದ್ದಿದ್ದರೆ ಏನು ಮಾಡಬೇಕಿತ್ತು?

ಸತ್ತ ಕೀ ಕೆಲಸ ಮಾಡಿದ್ದು ಹೇಗೆಂದರೆ, ಅದರೊಳಗೆ ಸೆಲ್ಲಿನ ಹಂಗಿಲ್ಲದ ಇನ್ನೊಂದು ಚಿಪ್ ಇರುತ್ತದೆ. ಬಟನ್ನಿನ ಸುತ್ತ ಇರುವ ಸುರುಳಿಯ ಕಾಂತಕ್ಷೇತ್ರದಿಂದಲೇ ಅದಕ್ಕೆ ಬೇಕಾದ ವಿದ್ಯುತ್ ಸಿಗುತ್ತದೆ. ಕೆಲವೇ ಸೆಂಟಿಮೀಟರ್ ದೂರದಲ್ಲಿ ಮಾತ್ರ ನಡೆಯುತ್ತದೆ, ಆದ್ದರಿಂದ ತಾಗಿಸಿಯೇ ಹಿಡಿಯಬೇಕು. ಎಲ್ಲಾ ಕಾರುಗಳಲ್ಲೂ ಆ ಜಾಗ ಬಟನ್ನೇ ಆಗಿರುವುದಿಲ್ಲ. ಕೆಲವದರಲ್ಲಿ ಸ್ಟೇರಿಂಗ್ ಕಂಬದ ಪಕ್ಕ, ಕೆಲವದರಲ್ಲಿ ಕನ್ಸೋಲಿನ ಒಂದು ಗೂಡು. ನಿಮ್ಮದು ಯಾವುದು ಅಂತ ಇವತ್ತೇ ನೋಡಿಟ್ಟುಕೊಳ್ಳಿ. ಸೆಲ್ ಸತ್ತು ಬಾಗಿಲೇ ತೆರೆಯದಿದ್ದರೆ, ಕೀಯ ಹೊಟ್ಟೆಯಲ್ಲಿ ಸಣ್ಣ ಲೋಹದ ಬೀಗದಕೈ ಅಡಗಿರುತ್ತದೆ. ಡ್ರೈವರ್ ಬಾಗಿಲ ಹಿಡಿಯ ಬಳಿ ಅದಕ್ಕೆ ಕಿಂಡಿ ಇರುತ್ತದೆ, ಕೆಲವು ಗಾಡಿಗಳಲ್ಲಿ ಮುಚ್ಚಳದ ಹಿಂದೆ. ಹಾಗೆ ತೆರೆದಾಗ ಅಲಾರಂ ಬಡಿದುಕೊಂಡರೆ ಗಾಬರಿ ಬೇಡ, ಕೀ ತಾಗಿಸಿ ಸ್ಟಾರ್ಟ್ ಮಾಡಿದರೆ ನಿಲ್ಲುತ್ತದೆ.

ಓಡುವಾಗ ಕೀ ಇಲ್ಲ ಅನ್ನುವ ಎಚ್ಚರಿಕೆ ಕಂಡರೆ ಗಾಬರಿಯಲ್ಲಿ ಆಫ್ ಮಾಡಬೇಡಿ. ಎಂಜಿನ್ ಓಡುತ್ತಿರುವಾಗಲೇ ಯೋಚಿಸಿ: ಕೀ ಇರುವವರ ಹತ್ತಿರ ತಿರುಗಿ ಹೋಗಬೇಕೋ, ಎರಡನೇ ಕೀ ಇರುವ ಮನೆಗೆ ಹೋಗಬೇಕೋ. ಪೆಟ್ರೋಲ್ ಹಾಕಿಸಲು ಆಫ್ ಮಾಡಲೇಬೇಕು ಅನ್ನುವುದೂ ನೆನಪಿರಲಿ. ನಾವು ಕಾಫಿ ಆಸೆ ಬಿಟ್ಟಿದ್ದರೆ ಏನೂ ಗೊತ್ತಾಗದೆ ಮನೆ ಮುಟ್ಟುತ್ತಿದ್ದೆವು.

ಇದರ ಉಲ್ಟಾ ಕಥೆಯೂ ಇದೆ. ಕೊಪ್ಪ ಕಡೆಯ ಪರಿಚಯದವರೊಬ್ಬರು ಡಿಕ್ಕಿಗೆ ಸಾಮಾನು ತುಂಬುವಾಗ ಕೀಯನ್ನು ಕಾರಿನ ತಲೆ ಮೇಲೆ ಇಟ್ಟರು, ಮರೆತರು. ಗಾಜಿನ ಹತ್ತಿರ ಇದ್ದದ್ದರಿಂದ ಒಳಗೇ ಇದೆ ಅಂತ ಕಾರು ಅಂದಾಜಿಸಿತು, ಸ್ಟಾರ್ಟ್ ಆಯಿತು. ಕೀ ಯಾವ ತಿರುವಿನಲ್ಲಿ ಹಾರಿಹೋಯಿತೋ ಏನೋ, ಮಳೆನೀರಿನ ಚರಂಡಿಯಲ್ಲಿ ಹುಡುಕಿದರೂ ಸಿಗಲಿಲ್ಲ. ಹಾಗೆಯೇ ಒಳಗಿದ್ದೂ ಕಾಣಿಸದ ಜಾಗಗಳಿವೆ: ಡ್ಯಾಶ್‌ಬೋರ್ಡಿನ ಮೇಲೆ, ಗ್ಲೌಬಾಕ್ಸಿನಲ್ಲಿ, ಕಾಲಡಿಯ ನೆಲದಲ್ಲಿ. ಮೊಬೈಲಿಗೆ ಅಂಟಿಕೊಂಡಂತೆ ಒಂದೇ ಜೇಬಿನಲ್ಲಿದ್ದರೂ ಕೆಲವೊಮ್ಮೆ ಸಿಗುವುದಿಲ್ಲ. ಮದುವೆ ಮನೆಯಿಂದ ಬರುವಾಗ ಕೀಯನ್ನು ಸ್ಟೀಲ್ ಪಾತ್ರೆಗಳ ಚೀಲಕ್ಕೆ ಹಾಕಿ ಡಿಕ್ಕಿ ಮುಚ್ಚುವ ಅಭ್ಯಾಸ ಇದ್ದರೆ ಬಿಡಿ. ಲೋಹ ಸಿಗ್ನಲ್ ನುಂಗುತ್ತದೆ, ಕೀ ಒಳಗಿದೆ ಅಂತ ಗೊತ್ತಾಗದೆ ಡಿಕ್ಕಿ ಲಾಕ್ ಆಗಿಬಿಡಬಹುದು.

ಕಳ್ಳರ ವಿಷಯ ಕೇಳುವವರಿಗೆ: ಹೌದು, ಇದೇ ಅಂದಾಜನ್ನು ಮೋಸಗೊಳಿಸಿ ಕಾರು ಕದಿಯಬಹುದು. ಒಬ್ಬ ಕಾರಿನ ಪಕ್ಕ, ಇನ್ನೊಬ್ಬ ನಿಮ್ಮ ಮುಂಬಾಗಿಲ ಪಕ್ಕ ನಿಂತು ಕಾರಿನ ಕರೆಯನ್ನು ಯಂತ್ರದಿಂದ ಕೀ ತನಕ ದಾಟಿಸುತ್ತಾರೆ. ಸಂಕೇತ ಒಡೆಯುವ ಗೋಜೇ ಇಲ್ಲ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲೇ ಎಂಟು ಕಂಪನಿಗಳ ಹತ್ತು ಮಾದರಿಗಳ ಮೇಲೆ ಇದನ್ನು ಮಾಡಿ ತೋರಿಸಿದರು, ಹತ್ತೂ ಸೋತವು. ಈಗ ಬರುತ್ತಿರುವ ಅಲ್ಟ್ರಾ ವೈಡ್‌ಬ್ಯಾಂಡ್ ಕೀಗಳು ಜೋರನ್ನಲ್ಲ, ಸಿಗ್ನಲ್ ಹೋಗಿಬರುವ ಸಮಯವನ್ನು ಅಳೆಯುತ್ತವೆ. ಒಂದು ನ್ಯಾನೋಸೆಕೆಂಡಿಗೆ ರೇಡಿಯೋ ಅಲೆ ಸುಮಾರು 30 ಸೆಂಟಿಮೀಟರ್ ಸಾಗುತ್ತದೆ. ಕಳ್ಳ ಸಿಗ್ನಲ್ಲನ್ನು ಜೋರು ಮಾಡಬಲ್ಲ, ಬೇಗ ತಲುಪಿಸಲಾರ. ಆದರೆ ನಮ್ಮ ಕಡೆ ರಸ್ತೆಯ ಮೇಲಿರುವ ಹೆಚ್ಚಿನ ಗಾಡಿಗಳು ಹಳೆಯ ಪದ್ಧತಿಯವೇ.

ತೋಟದ ಮನೆಯವರು ಇದಕ್ಕೆ ನಿದ್ದೆಗೆಡಬೇಕಿಲ್ಲ ಅಂತ ನನ್ನ ಎಣಿಕೆ. ಶಿವಮೊಗ್ಗದ ವಿನೋಬನಗರದಂಥ ಕಡೆ ಕಾರು ರಸ್ತೆಬದಿ, ಕೀ ಮುಂಬಾಗಿಲ ಮೊಳೆಯಲ್ಲಿ ಇದ್ದರೆ ಮಾತ್ರ ಕೀಯನ್ನು ಒಳಕೋಣೆಗೆ ಸರಿಸಿ. ಸ್ಟೀಲ್ ಡಬ್ಬಿಯಲ್ಲಿ ಇಡುವವರು ಡಬ್ಬಿ ಸಮೇತ ಕಾರಿನ ಪಕ್ಕ ನಿಂತು ಹಿಡಿ ಎಳೆದು ನೋಡಿ. ಬಾಗಿಲು ತೆರೆದುಕೊಂಡರೆ ಆ ಡಬ್ಬಿಯಲ್ಲಿ ಚಕ್ಕುಲಿ ತುಂಬಿ.

ಎರಡನೇ ಕೀಯ ಸೆಲ್ಲನ್ನು ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮೊದಲು ಬದಲಿಸಿ. ಕೀ ಬಿಚ್ಚಿ ಸೆಲ್ಲಿನ ಮೇಲಿನ ನಂಬರ್ ನೋಡಿಕೊಂಡೇ ತನ್ನಿ, 2025 ಮತ್ತು 2032 ನೋಡಲು ಒಂದೇ ಥರ, ದಪ್ಪ ಬೇರೆ. ನಮ್ಮ ಕಡೆಯ ತೇವಕ್ಕೆ ಒಳಗಿನ ತಗಡಿಗೆ ಹಸಿರು ಹಿಡಿದಿದ್ದರೆ ಒರೆಸಿ ಹಾಕಿ. ಡ್ರೈವರ್ ಬದಲಾಗುವಾಗ ಎಂಜಿನ್ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡುವುದು ನಮ್ಮ ಮನೆಯಲ್ಲೀಗ ಕಡ್ಡಾಯ, ಹಿಂದಿನ ಆಟೋದವರು ಎಷ್ಟು ಬೇಕಾದರೂ ಹಾರ್ನ್ ಹೊಡೆಯಲಿ. ಒಂದು ಭಾನುವಾರ ಅಂಗಳದಲ್ಲೇ ಗಾಡಿ ಸ್ಟಾರ್ಟ್ ಇಟ್ಟು, ಹ್ಯಾಂಡ್ ಬ್ರೇಕ್ ಹಾಕಿ, ಒಬ್ಬರು ಒಳಗೆ ಕೂತು, ಇನ್ನೊಬ್ಬರ ಕೈಯಲ್ಲಿ ಕೀ ಕೊಟ್ಟು ಬಾಗಿಲು ಮುಚ್ಚಿ ದೂರ ಕಳಿಸಿ. ಆಗ ಬರುವ ಬೀಪ್ ಹೇಗಿರುತ್ತದೆ, ಮೀಟರಿನಲ್ಲಿ ಯಾವ ಚಿಹ್ನೆ ಬರುತ್ತದೆ ಅಂತ ಮನೆಯವರೆಲ್ಲ ನೋಡಿಕೊಳ್ಳಲಿ, ಗಾಡಿ ಓಡಿಸದ ಅಮ್ಮಂದಿರೂ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಎರಡೂ ಕೀ ಕೇಳಿ ಪಡೆಯಿರಿ, ಎರಡರಿಂದಲೂ ಸ್ಟಾರ್ಟ್ ಮಾಡಿ ನೋಡಿ. ಒಂದು ಕಳೆದುಹೋಗಿದೆ ಅಂದರೆ ಅದನ್ನು ಕಾರಿನ ನೆನಪಿನಿಂದ ಅಳಿಸಿ ಹೊಸ ಕೀ ಸೇರಿಸುವ ಖರ್ಚನ್ನು ಬೆಲೆಯಲ್ಲೇ ಮುರಿದುಕೊಳ್ಳಿ.