ಶಿಹ್ ತ್ಸುಗೆ ಮನೆಯಲ್ಲೇ ಕಟಿಂಗ್: ಟ್ರಿಮ್ಮರ್‌ಗಿಂತ ಕತ್ತರಿಯೇ ವಾಸಿ

ನಮ್ಮ ನಾಯಿ ಚಿನ್ನು ಶಿಹ್ ತ್ಸು ತಳಿಯವಳು. ಈ ತಳಿಯ ಕೂದಲು ನಮ್ಮ ತಲೆಕೂದಲಿನ ಹಾಗೆ ಬೆಳೆಯುತ್ತಲೇ ಇರುತ್ತದೆ. ಮನೆಯಲ್ಲೇ ಕಟಿಂಗ್ ಮಾಡೋಣ ಅಂತ ಮೊದಲು ಟ್ರಿಮ್ಮರ್ ತಂದೆ, ಆಮೇಲೆ ಕತ್ತರಿ. ಈಗ ಟ್ರಿಮ್ಮರ್ ಹೆಚ್ಚಾಗಿ ಡ್ರಾಯರ್‌ನಲ್ಲೇ ಇರುತ್ತದೆ. ತುದಿ ದುಂಡಗಿರುವ ಒಂದು ಕತ್ತರಿ, ಒಂದು ಸ್ಟೀಲ್ ಬಾಚಣಿಗೆ, ಇಷ್ಟಿದ್ದರೆ ಸಾಕು.

ಟ್ರಿಮ್ಮರ್ ಮೇಲೆ ನನ್ನ ದೊಡ್ಡ ತಕರಾರು ಅದರ ಪ್ಲಾಸ್ಟಿಕ್ ಗಾರ್ಡ್, ಅಂದರೆ ಕೂದಲು ಎಷ್ಟು ಉದ್ದ ಉಳಿಯಬೇಕೋ ಅದಕ್ಕೆ ತಕ್ಕಂತೆ ಬ್ಲೇಡ್ ಮೇಲೆ ಸಿಕ್ಕಿಸುವ ಬಾಚಣಿಗೆಯಂಥ ಹಲ್ಲಿನ ತುಂಡು. ಡಬ್ಬಿಯಲ್ಲಿ 3, 6, 9, 12 ಮಿ.ಮೀ. ಅಂತ ನಾಲ್ಕು ಇದ್ದವು. ಬೆನ್ನಿನ ಮೇಲೆ ಸಲೀಸಾಗಿ ಹೋಗುತ್ತದೆ. ಕಂಕುಳಿನ ಹತ್ತಿರ ಬಂದ ಕೂಡಲೇ ಸಣ್ಣದೊಂದು ಸಿಕ್ಕು ಗಾರ್ಡಿನ ಹಲ್ಲಿಗೆ ಸಿಗುತ್ತದೆ, ಅಲ್ಲಿಗೆ ನಿಂತಿತು. ಬ್ಲೇಡ್ ಗುಂಯ್ ಅನ್ನುತ್ತಲೇ ಇರುತ್ತದೆ, ಕೂದಲು ಮಾತ್ರ ತುಂಡಾಗುವುದಿಲ್ಲ. ಕೂದಲಿನ ಜೊತೆ ಚರ್ಮವೂ ಎಳೆದುಕೊಂಡು ಬರುತ್ತದೆ. ಚಿನ್ನು ಬೊಗಳುವುದಿಲ್ಲ, ಕುತ್ತಿಗೆ ತಿರುಗಿಸಿ ನನ್ನ ಮಣಿಕಟ್ಟು ನೆಕ್ಕಲು ಶುರು ಮಾಡುತ್ತಾಳೆ. ನೋಯುತ್ತಿದೆ ಅಂತ ಅರ್ಥ.

ಗಾರ್ಡ್ ತೆಗೆದು ಬರೀ ಬ್ಲೇಡ್ ಹಿಡಿಯಿರಿ ಅಂತ ಹೇಳುವವರಿದ್ದಾರೆ. ಸಿಕ್ಕಿನ ಅಡಿಗೆ ಬ್ಲೇಡ್ ನುಗ್ಗುತ್ತದೆ, ನಿಜ. ಆದರೆ 10ನೇ ನಂಬರ್ ಬ್ಲೇಡ್ ಉಳಿಸುವುದು ಸುಮಾರು ಒಂದೂವರೆ ಮಿ.ಮೀ. ಕೂದಲು ಅಷ್ಟೇ. ಸುತ್ತ ಉದ್ದ ಕೂದಲು, ನಡುವೆ ಬೋಳು. ಅಷ್ಟು ಹೊತ್ತು ಓಡಿದ ಬ್ಲೇಡ್ ಬಿಸಿಯೂ ಆಗುತ್ತದೆ. ಆಗಾಗ ನಿಲ್ಲಿಸಿ ನಮ್ಮ ಮಣಿಕಟ್ಟಿಗೆ ತಾಗಿಸಿ ನೋಡಬೇಕು, ತೊಡೆಸಂದಿನ ಚರ್ಮ ಬಹಳ ತೆಳು.

ಗಾರ್ಡ್ ಸರಾಗವಾಗಿ ಓಡಬೇಕಾದರೆ ಮೊದಲು ಸಿಕ್ಕು ಬಿಡಿಸಿ, ಸ್ನಾನ ಮಾಡಿಸಿ, ಬುಡದವರೆಗೂ ಒಣಗಿಸಿ, ಮತ್ತೆ ಬಾಚಬೇಕು. ಇಷ್ಟೆಲ್ಲ ಆದ ಮೇಲೆ ಕತ್ತರಿಯಲ್ಲೇ ಮುಗಿಸಬಹುದಲ್ವಾ?

ಕತ್ತರಿಯಲ್ಲಿ ಕೆಲಸ ನಿಧಾನ, ಆದರೆ ಹಿಡಿತ ನಮ್ಮದು. ಬಾಚಣಿಗೆಯಿಂದ ಕೂದಲು ಎತ್ತಿ ಹಿಡಿದು, ಅದರ ಮೇಲೆ ಬಂದಷ್ಟನ್ನೇ ಕತ್ತರಿಸುತ್ತೇನೆ. ಚರ್ಮಕ್ಕೂ ಕತ್ತರಿಗೂ ನಡುವೆ ಸದಾ ಬಾಚಣಿಗೆ ಇರುತ್ತದೆ. ಸಿಕ್ಕಿನ ಅಡಿಗೆ ಮಾತ್ರ ಕತ್ತರಿ ತೂರಿಸಲೇಬಾರದು. ಸಿಕ್ಕು ಎಳೆದಾಗ ಚರ್ಮವೂ ಮೇಲೆದ್ದು ಬಂದಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ನಾನು ಅದಕ್ಕೆ ಸ್ವಲ್ಪ ಕಾರ್ನ್‌ಫ್ಲೋರ್ ಉದುರಿಸಿ ಬೆರಳಿಂದ ಬಿಡಿಸುತ್ತೇನೆ. ಬಿಡದಿದ್ದರೆ ಅಡಿಯಲ್ಲಿ ಬಾಚಣಿಗೆ ತೂರಿಸಿ ಮೇಲಿಂದ ಕತ್ತರಿಸುತ್ತೇನೆ. ಇದೆಲ್ಲ ಸ್ನಾನಕ್ಕೆ ಮುಂಚೆಯೇ ಆಗಬೇಕು, ನೀರು ಬಿದ್ದರೆ ಸಿಕ್ಕು ಇನ್ನೂ ಬಿಗಿಯುತ್ತದೆ. ಕಣ್ಣಿನ ಹತ್ತಿರ ಕತ್ತರಿಯ ತುದಿ ಯಾವತ್ತೂ ಮೂಗಿನ ಕಡೆಗಿರಲಿ, ಕಣ್ಣಿನ ಕಡೆ ಬೇಡ.

ಪಾದದ ಅಡಿಯ ಕೂದಲಿಗೆ ಟ್ರಿಮ್ಮರೇ ಸರಿ. ಅದು ಬೆಳೆದರೆ ಟೈಲ್ಸ್ ಮೇಲೆ ಕಾಲು ಜಾರುತ್ತದೆ, ಆ ಬೆರಳ ಸಂದಿಯಲ್ಲಿ ಕತ್ತರಿ ಆಡಿಸಲು ನನಗೆ ಧೈರ್ಯವಿಲ್ಲ. ಆದರೆ ಸದ್ದು ಮಾಡದಿರುವುದರಲ್ಲಿ ಕತ್ತರಿಗೆ ಸಾಟಿಯಿಲ್ಲ.

ಪಾರ್ಲರ್‌ನಲ್ಲಿ ಕೆಲಸ ಅಚ್ಚುಕಟ್ಟು, ಆದರೆ ಬೆಂಗಳೂರಿನಲ್ಲಿ ಪ್ರತಿ ಸಲವೂ ಬಿಲ್ 1,000 ರೂಪಾಯಿ ದಾಟುತ್ತದೆ. ಕತ್ತರಿ, ಬಾಚಣಿಗೆ ಎರಡೂ ಸೇರಿ ನನಗೆ ಅದಕ್ಕಿಂತ ಕಮ್ಮಿಗೇ ಸಿಕ್ಕಿದವು.

ನನಗೆ ಸಂಜೆ ಬಾಲ್ಕನಿಯಲ್ಲಿ ಕೂತು ಅವಳನ್ನು ಬಾಚುವ ಅಭ್ಯಾಸವಿದೆ. ಇವತ್ತು ಒಂದು ಕಾಲು, ನಾಳೆ ಕಿವಿ, ಹೀಗೆ ಕಟಿಂಗ್ ಸಾಗುತ್ತದೆ, ಅವಳಿಗೂ ಬೇಜಾರಾಗುವುದಿಲ್ಲ. ದಿನಾ ಬಾಚಲು ಪುರುಸೊತ್ತಿಲ್ಲ, ಬೇಸಿಗೆಯಲ್ಲಿ ಒಂದೇ ಸಲ ಮೈಯೆಲ್ಲ ಗಿಡ್ಡ ಮಾಡಿಬಿಡಬೇಕು ಅನ್ನುವವರಿಗೆ ಟ್ರಿಮ್ಮರೇ ಸರಿ. ನಿಮ್ಮದು ಪೊಮೆರೇನಿಯನ್ ಆದರೆ ಮಾತ್ರ ಹಾಗೆ ಬೋಳಿಸಬೇಡಿ, ಆ ಎರಡು ಪದರದ ಕೂದಲು ಕೆಲವು ನಾಯಿಗಳಲ್ಲಿ ಮೊದಲಿನಂತೆ ಮತ್ತೆ ಬರುವುದೇ ಇಲ್ಲ.